ಸಕ್ಕರೆ ಒಲ್ಲದ ಇರುವೆ

ಮನುಷ್ಯನ ದಾನಬುದ್ಧಿಯಿಂದಲೇ ಈ ಜಗತ್ತು ನಿಂತಿದೆ. ನಮ್ಮ ಮನೆಯಲ್ಲಿ ಅದು ಇನ್ನೂ ಒಂದು ಹಿಡಿ ಸಕ್ಕರೆಯ ಆಚೆ ಬೆಳೆದಿಲ್ಲ. ಆಂಧ್ರದ ಆದೋನಿಯಲ್ಲಿ ಹತ್ತಿ ವ್ಯಾಪಾರ ಮಾಡುವ ನಾನು ಅಷ್ಟಕ್ಕೆ ಎಂದೂ ಅಡ್ಡ ಬಂದವನಲ್ಲ.

ನನ್ನ ಹೆಂಡತಿ ಸೋಮವಾರ ಪೂಜೆ ಮುಗಿಸಿ, ಅಂಗಳದ ಬೇವಿನ ಬುಡದಲ್ಲಿ ಇರುವೆಗಳಿಗೆ ರವೆ, ಸಕ್ಕರೆ ಹಾಕುತ್ತಾಳೆ. ಶುಭಕಾರ್ಯ ನಿಶ್ಚಯಿಸುವ ಮುನ್ನ ಇರುವೆಗಳು ಅದನ್ನು ತಿಂದರೆ ಶಿವ ಒಪ್ಪಿದ ಎಂದು ಅರ್ಥ. ಹಾಲಹರವಿ ಕಡೆಯ ತವರಿನಿಂದ ಆಕೆ ತಂದ ಪದ್ಧತಿ. ಇರುವೆ ಸಕ್ಕರೆ ಒಲ್ಲೆ ಎಂದ ಉದಾಹರಣೆ ಇತಿಹಾಸದಲ್ಲೇ ಇಲ್ಲವಾದ್ದರಿಂದ ಶಿವನೂ ತಪ್ಪದೆ ಒಪ್ಪುತ್ತ ಬಂದಿದ್ದ.

ಈ ಸಲ ಮಗಳ ಮದುವೆಯ ಮಾತು. ಎಮ್ಮಿಗನೂರಿನ ಹುಡುಗ, ಮಗಳಿಗೆ ಮನಸ್ಸಿತ್ತು, ನಾವು ಒಪ್ಪಿಗೆ ತಿಳಿಸುವುದೊಂದೇ ಬಾಕಿ. ಹೆಂಡತಿ ಸಕ್ಕರೆ ಹಾಕಿ ಕಾದು ಕೂತಳು. ಇರುವೆಗಳು ಮುತ್ತಿದವು. ಒಂದು ಮಾತ್ರ ಹತ್ತಿರ ಬಂದು, ನೋಡಿ, ಮುಖ ತಿರುಗಿಸಿಕೊಂಡು ಬೇವಿನ ಮೈಮೇಲೆ ಹತ್ತಿ ಹೋಯಿತು.

"ಏನ್ರೀ, ಬರ್ರಿ ಇಲ್ಲಿ. ಇದೊಂದು ತಿನ್ನವಲ್ದು."

"ಹೊಟ್ಟಿ ತುಂಬಿರಬೇಕು ಬಿಡು."

"ಇರುವಿಗೆ ಹೊಟ್ಟಿ ತುಂಬಿದ್ದು ಎಲ್ಲೆರ ಕೇಳೀರೇನು? ಈ ಸಂಬಂಧ ಬ್ಯಾಡ."

ನಾನು ಬಹುಮತದ ಪ್ರಶ್ನೆ ಎತ್ತಿದೆ. ಶಿವನ ಮುಂದೆ ವೋಟು ನಡೆಯುವುದಿಲ್ಲವಂತೆ. ಮುಂದಿನ ಸೋಮವಾರವೂ ಅದೇ ಇರುವೆ, ಅದೇ ಬಿಂಕ. ಎಮ್ಮಿಗನೂರಿನವರು ಫೋನ್ ಮಾಡಿದರೆ ನಾನು ಹತ್ತಿಯ ರೇಟು ಮಾತಾಡಿ ಇಟ್ಟುಬಿಡುತ್ತಿದ್ದೆ. ಮಗಳು ನನ್ನೊಡನೆ ಮಾತು ಬಿಟ್ಟಳು.

ಕೊನೆಗೆ ಅವಳೇ ಮೊಬೈಲು ಹಿಡಿದು ಬೇವಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ತನ್ನ ಮದುವೆಗೆ ಅಡ್ಡ ಬಂದ ಪ್ರಾಣಿಯ ಫೋಟೋ ತೆಗೆದು ದೊಡ್ಡದು ಮಾಡಿದಳು. ಮುಂದಿನ ಎರಡು ಕಾಲನ್ನು ಅದು ಇರುವೆಯ ಮೀಸೆಯಂತೆ ಎತ್ತಿಕೊಂಡಿತ್ತು. ಅವನ್ನೂ ಎಣಿಸಿದರೆ ಕಾಲು ಎಂಟು. ಮುಖದ ತುಂಬ ಕಣ್ಣು. ಬೆರಳು ಹತ್ತಿರ ಒಯ್ದಳು. ಟಣ್ಣನೆ ಜಿಗಿದು ಅವಳ ಬಳೆಯ ಮೇಲೆ ಕೂತಿತು. ಹಿಂದೆ ಒಂದೆಳೆ ನೂಲು ಹೊಳೆಯಿತು.

"ಅಮ್ಮಾ, ಇದಿ ಚೀಮ ಕಾದು, ಸಾಲೆಪುರುಗು!" ಖುಷಿ ಹೆಚ್ಚಾದರೆ ಅವಳಿಗೆ ಶಾಲೆಯ ತೆಲುಗೇ ಮೊದಲು ಬರುತ್ತದೆ. "ಇರುವಿ ಅಲ್ಲಮ್ಮಾ, ಜ್ಯಾಡ! ಇರುವಿ ವೇಷ ಹಾಕ್ಕೊಂಡೈತಿ. ಬಲಿ ಗಿಲಿ ಕಟ್ಟಲ್ಲ, ಹಾರಿ ಹುಳ ಹಿಡಿದು ತಿಂತೈತಿ."

ಹೆಂಡತಿ ಕನ್ನಡಕ ಏರಿಸಿ ಬಗ್ಗಿ ನೋಡಿದಳು.

"ಹುಳ ತಿಂತೈತಾ?"

"ಹುಳಾನ."

"ಹಂಗಾದ್ರ ನಾನ್‌ವೆಜ್ಜು!"

ಆಕೆಯ ಮುಖ ಅರಳಿತು. ನಮ್ಮಂಥ ಶೈವರ ಮನೆಯಲ್ಲಿ ಮಾಂಸಾಹಾರದ ಸುದ್ದಿ ಇಷ್ಟು ಸಂತೋಷ ತಂದದ್ದು ಅದೇ ಮೊದಲು.

"ನಮ್ಮ ಸಕ್ಕರಿ ಅದು ಯಾಕ ಮುಟ್ಟೀತು, ಪಾಪ! ಶಿವಂದೇನೂ ತಕರಾರಿಲ್ಲ. ನೀವೇನ್ ನೋಡ್ಕೋತ ನಿಂತೀರಿ? ಫೋನ್ ಹಚ್ರಿ ಅವರಿಗೆ."

"ಇವತ್ತಾರ ಹತ್ತಿ ರೇಟು ಬಿಟ್ಟು ಮಾತಾಡಪ್ಪಾ," ಎಂದಳು ಮಗಳು.

ಫೋನ್ ಹಚ್ಚಿದೆ. ಶ್ರಾವಣದಲ್ಲಿ ಮದುವೆ ಆಯಿತು.