ಬೆಳಗಾವಿ ನಂಬರಿನ ಕಾರು

ಕಾರಿನ ಎಡಗಡೆಯ ವೈಪರ್ ಎದ್ದು ನಿಂತಿದ್ದರೆ ಗಾಜು ಒರೆಸಿ ಆಗಿದೆ ಎಂದರ್ಥ. ಮುಂಬೈ ಕಾಂದಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಬೆಳಗ್ಗೆ ಕಾರು ಒರೆಸುವ ಹಿರಿಯರೊಬ್ಬರು ಬಿಟ್ಟುಹೋಗುವ ಗುರುತು ಅದು. ನನಗೆ ಆ ಗುರುತು ಬೇಕಿರಲಿಲ್ಲ. ಆರೂವರೆಗೆ ನಾನು ಇಳಿದು ಬರುವ ಹೊತ್ತಿಗೆ ಅವರು ಇನ್ನೂ ನನ್ನ ಕಾರಿನ ಬಳಿಯೇ ಇರುತ್ತಿದ್ದರು.

ಅವರು ವಿಜಯಪುರದ ಕಡೆಯವರು, ಐವತ್ತು ದಾಟಿದವರು. ಕಾರು ನನ್ನದಲ್ಲ, ಬೆಳಗಾವಿಯ ಸೋದರತ್ತೆಯದು. ಓಡಿಸುವವರಿಲ್ಲವೆಂದು ಕೆಲವು ತಿಂಗಳ ಮಟ್ಟಿಗೆ ನನಗೆ ಕೊಟ್ಟಿದ್ದರು. ಮೊದಲ ದಿನವೇ ಆ ಹಿರಿಯರು ನಂಬರ್ ಪ್ಲೇಟಿನ ‘ಕೆಎ 22’ ಒರೆಸುತ್ತ, “ನಮ್ಮ ಕಡೀ ಗಾಡಿ ಐತ್ರಿ ಇದು. ಯಾವೂರ್ರಿ ಅಕ್ಕಾರ?” ಎಂದಿದ್ದರು.

“ಧಾರವಾಡ,” ಎಂದಿದ್ದೆ. ಅಷ್ಟೇ.

ಆಮೇಲೆ ದಿನಾ ಎರಡು ನಿಮಿಷ ಅವರೇ ಮಾತಾಡುತ್ತಿದ್ದರು: ಜೋಳದ ಹಿಟ್ಟು ಎಲ್ಲಿ ಚಲೋ ಸಿಗುತ್ತದೆ, ಸೊಸೆ ಫೋನಿನಲ್ಲಿ ಏನಂದಳು. ಒಮ್ಮೆ ಸಿಗ್ನಲ್‌ನಲ್ಲಿ ಟ್ಯಾಂಕರ್ ಚಾಲಕನೊಬ್ಬ ಬಗ್ಗಿ, “ಬೆಳಗಾವ್ಯಾಗ ಮಳೀ ಹೆಂಗೈತ್ರಿ?” ಎಂದು ಕೇಳಿದ್ದ. ಉಳಿದಂತೆ ಆಫೀಸಿನಲ್ಲಿ ಹಿಂದಿ, ಇಂಗ್ಲಿಷು. ಒಬ್ಬಳೇ ಇರುವ ಮನೆಯಲ್ಲಿ ಯಾವ ಭಾಷೆಯೂ ಇಲ್ಲ. ಮಾತು ಶುರುಮಾಡುವುದು ನನಗೆ ಬರುವುದಿಲ್ಲ. ಆ ಪ್ಲೇಟು ನನ್ನ ಪರವಾಗಿ ಶುರುಮಾಡುತ್ತಿತ್ತು.

ಅತ್ತೆ ಕಾರನ್ನು ಮಾರಲು ಹೊರಟಾಗ, ಕೊಳ್ಳುತ್ತೀಯಾ ಎಂದು ಮೊದಲು ನನ್ನನ್ನೇ ಕೇಳಿದರು. ಆಂಟಾಪ್ ಹಿಲ್‌ನಲ್ಲಿ ಅಪ್ಪನ ಪರಿಚಯದ ವಿಮಾ ಏಜೆಂಟರೊಬ್ಬರಿದ್ದಾರೆ. ಅವರ ಬಳಿ ಹೋದೆ.

“ಬ್ಯಾಡ್ರಿ,” ಎಂದರು ಕಾಗದ ನೋಡಿ. “ಇಂಜಿನ್ ಹದಿನೈದುನೂರು ಸಿಸಿ ದಾಟೇದ, ಥರ್ಡ್ ಪಾರ್ಟಿ ಪ್ರೀಮಿಯಂ ಮ್ಯಾಲಿನ ಮೆಟ್ಟಲಾ. ಸ್ಪೇರ್ ಪಾರ್ಟ್ ತುಟ್ಟಿ, ಅದೂ ಪ್ರೀಮಿಯಮ್ಮಿನ್ಯಾಗ ಬರ್ತದ. ಸಾವಿರ ಸಿಸಿ ಒಳಗಿಂದು ಒಂದು ಸಣ್ಣ ಪೆಟ್ರೋಲ್ ಗಾಡಿ ತಗೋರಿ.”

“ನಂಬರ್ ಬೆಳಗಾವೀದಽ ಇಟ್ರ?”

“ಬೆಳಗಾವಿಗೆ ರೇಟ್ ಕಡಿಮಿ, ಖರೆ. ಮುಂಬೈಗೆ ಹೆಚ್ಚು. ಆದ್ರ ಗಾಡಿ ಇಲ್ಲೇ ಇರೂದಂದ್ರ ನಂಬರ್ ಬದಲಾಗಬೇಕು. ನಿಮ್ಮತ್ತಿ ಇಷ್ಟು ವರ್ಷ ಕ್ಲೇಮ್ ಮಾಡದ ಗಳಿಸಿದ ಬೋನಸ್ಸೂ ಅವರದಽ, ಗಾಡಿ ಕೂಡ ಬರಂಗಿಲ್ಲ.” ಕನ್ನಡಕದ ಮೇಲಿಂದ ನೋಡಿ ನಕ್ಕರು. “ನಂಬರ್ ಪ್ಲೇಟಿನ ಮ್ಯಾಲ ಯಾಕಿಷ್ಟು ಜೀವ? ಈ ವಯಸ್ಸಿನ್ಯಾಗ ಮನಷ್ಯಾರ ಮ್ಯಾಲ ಇಡ್ರಿ.”

ಕಾಗದ ತೆಗೆದುಕೊಂಡು ಎದ್ದೆ. ಹೇಗೂ ಹೋಗುವ ನಂಬರಿಗಾಗಿ ಪ್ರತಿವರ್ಷ ಹೆಚ್ಚಿನ ವಿಮೆ ಕಟ್ಟುವುದರಲ್ಲಿ ಅರ್ಥವಿರಲಿಲ್ಲ. ಬೊರಿವಲಿಯಲ್ಲಿ 998 ಸಿಸಿಯ ಬಿಳಿ ಸೆಕೆಂಡ್‌ಹ್ಯಾಂಡ್ ಕಾರೊಂದನ್ನು ಗೊತ್ತುಮಾಡಿದೆ.

ಅತ್ತೆಯ ಮಗ ಬಂದು ದೊಡ್ಡ ಕಾರು ಒಯ್ದ. ಬಿಳಿ ಕಾರು ಬರಲು ಒಂಬತ್ತು ದಿನ ಹಿಡಿಯಿತು. ಅಷ್ಟೂ ದಿನ ಸ್ಟೇಷನ್ ಕಡೆಯ ಹಿಂದಿನ ಗೇಟಿನಿಂದ ಹೋಗಿ ಲೋಕಲ್ ಹಿಡಿದೆ. ಕಾರು ಒರೆಸುವವರಿಗೆ ಏನೂ ಹೇಳಿರಲಿಲ್ಲ. ಅವರು ಮಾತಾಡುತ್ತಿದ್ದದ್ದು ನನ್ನೊಡನೆಯೋ ಆ ನಂಬರಿನೊಡನೆಯೋ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಹತ್ತನೆಯ ಸಂಜೆ ಎಂಎಚ್ ನಂಬರಿನ ಕಾರನ್ನು ತಂದು ಅದೇ ಜಾಗದಲ್ಲಿ ನಿಲ್ಲಿಸಿದೆ.

ಮರುದಿನ ಬೆಳಗ್ಗೆ ಆರಕ್ಕೇ ಕೆಳಗಿಳಿದೆ. ಅವರು ನನ್ನ ಕಾರನ್ನು ದಾಟಿ, ಬೆನ್ನು ಹಾಕಿ ಪಕ್ಕದ ಕಾರು ಒರೆಸುತ್ತಿದ್ದರು. ಬಿಳಿ ಕಾರಿನ ಮೇಲೆ ಕೈಯಿಟ್ಟೆ.

“ಕಾಕಾರ, ಇದು ನಂದರಿ,” ಎಂದೆ.

ಅವರು ತಿರುಗಿ ನೋಡಿದರು, ಮೊದಲು ಪ್ಲೇಟನ್ನು, ಆಮೇಲೆ ನನ್ನನ್ನು. “ಊರಿಗೆ ಹೋದ್ರೇನೋ ಅನ್ಕೊಂಡಿದ್ನಿರಿ. ಇಷ್ಟ ಸಣ್ಣದು ತಂದೀರಿ?”

“ವಿಮಾ ಕಡಿಮಿ ಬರ್ತದ,” ಎಂದೆ. ಅವರು ಬಟ್ಟೆ ಹಿಂಡಿಕೊಂಡು ಬಂದರು. ಗಾಜು ಒರೆಸಿ ಮುಗಿಯುವವರೆಗೂ ನಾನೇ ವೈಪರ್ ಎತ್ತಿ ಹಿಡಿದುಕೊಂಡು, ಸೊಸೆ ಹೇಗಿದ್ದಾಳೆಂದು ಕೇಳಿದೆ.