ಇಟ್ಟಿಗೆ ಕೊಟ್ಟ ಮಂಚ

ತಮಿಳುನಾಡಿನ ತಿರುಪ್ಪೂರಿನ ಹತ್ತಿರ, ಕುನ್ನತ್ತೂರಿನ ನನ್ನ ತಂಗಿಯ ಮನೆಯಲ್ಲಿ ಹಜಾರವನ್ನೆಲ್ಲ ಮಗ್ಗವೇ ತುಂಬಿಕೊಂಡಿದೆ. ನೂಲಿನ ಮೂಟೆ ಇಡಲು ಜಾಗ ಸಾಲದೆ, ಅವನ್ನು ಮಂಚದಡಿ ತುರುಕಲು ಅದರ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದ್ದರು. ಆ ಮಂಚದಿಂದ ಅವಳ ಎಂಟು ತಿಂಗಳ ಮಗು ಸಿಮೆಂಟ್ ನೆಲಕ್ಕೆ ಬಿತ್ತು. ಜಗಲಿಯಲ್ಲಿದ್ದ ನಾನು ಅಳು ಕೇಳಿ ಗಡಿಯಾರ ನೋಡಿದೆ. ವರದಿಗಾರನ ಚಟ. ಬೆಳಿಗ್ಗೆ ಹತ್ತೂ ಇಪ್ಪತ್ತು.

ಮಗು ತಂಗಿಯ ಅತ್ತೆಯ ಕಾವಲಿನಲ್ಲಿತ್ತು. ಎದುರಿಗೆ ರಾಟೆ ಸುತ್ತುತ್ತಿದ್ದ ತಂಗಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದಳು.

ಅರ್ಧ ಗಂಟೆಯೊಳಗೆ ಮಗು ಹಾಲು ಕಕ್ಕಿತು, ಮಂಕಾಯಿತು. ಕಿವಿಯ ಮೇಲೆ ಮೆತ್ತನೆಯ ಊತ. ಉರಂ ಬಿದ್ದಿದೆ ಅಂದರು ಅತ್ತೆ. ಎಳೆಮಗುವಿನ ಕತ್ತು ಉಳುಕಿದರೆ ಇಲ್ಲಿ ಹಾಗೆನ್ನುತ್ತಾರೆ. ಅದನ್ನು ಸರಿಮಾಡಲು ಇಬ್ಬರು ಸೀರೆಯ ತುದಿ ಹಿಡಿದು ಮಗುವನ್ನು ಅದರಲ್ಲಿ ಉರುಳಾಡಿಸುತ್ತಾರೆ. ಪಕ್ಕದ ಮನೆಯಾಕೆ ಹಳೆ ಸೀರೆ ಹರಡಿಯೂ ಆಗಿತ್ತು. ನಾನು ಮಗುವನ್ನು ಎತ್ತಿಕೊಂಡು ಕೊಡುವುದಿಲ್ಲ ಎಂದೆ.

"ಏನಪ್ಪಾ, ನಿನ್ನ ಪೇಪರ್ ಬುದ್ಧೀನ ಆಫೀಸಲ್ಲೇ ಬಿಟ್ಟು ಬಾ," ಅಂದರು ಅತ್ತೆ.

ತಿರುಪ್ಪೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಎಷ್ಟು ಎತ್ತರದಿಂದ ಎಂದು ಕೇಳಿದರು. ಚಾಪೆಯಿಂದ ಉರುಳಿತು ಎಂದು ಅತ್ತೆ ತಮಿಳಿನಲ್ಲಿ ಹೇಳಿದರು. ಅಲ್ಲ ಎಂದೆ. ನೀನು ನೋಡಿದೆಯಾ ಎಂದರು ಅತ್ತೆ. ನೋಡಿರಲಿಲ್ಲ. ತಂಗಿಯ ಕಡೆ ತಿರುಗಿದೆ. ಮದುವೆಯಾದಾಗಿನಿಂದ ಅವಳು ಅತ್ತೆಗೆ ಎದುರು ಮಾತಾಡಿದ್ದಿಲ್ಲ.

"ಇಟ್ಟಿಗೆ ಕೊಟ್ಟಿರೋ ಮಂಚದಿಂದ. ನನ್ನ ಸೊಂಟದಷ್ಟು ಎತ್ತರ. ನಾನೇ ನೋಡಿದೆ."

ಡಾಕ್ಟರಮ್ಮ ಬರೆದದ್ದನ್ನು ಹೊಡೆದುಹಾಕಿದರು. ವರ್ಷ ತುಂಬದ ಮಗು, ಕಿವಿಯ ಮೇಲಿನ ಊತ, ಮಂಕು, ಮೇಲಾಗಿ ಇಷ್ಟು ಎತ್ತರ. ಸ್ಕ್ಯಾನ್ ಆಗಲೇಬೇಕು ಎಂದರು. ಬುರುಡೆ ಬಿರಿದಿದ್ದರೆ, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಫಿಟ್ಸ್ ಬರುವ ಸಂಭವ ಹೆಚ್ಚು, ಇಷ್ಟು ಎಳೆಯ ಮಕ್ಕಳಿಗೆ ಮೊದಲ ದಿನವೇ ಬರಬಹುದು. ಸ್ಕ್ಯಾನಿನಲ್ಲಿ ಎರಡೂ ಕಂಡವು. ಮಧ್ಯಾಹ್ನ ಮೂರೂ ಹತ್ತಕ್ಕೆ ಮಗುವಿನ ಎಡಗೈ ಅದುರತೊಡಗಿತು. ನರ್ಸ್ ಪಕ್ಕದಲ್ಲೇ ಇದ್ದರು, ಔಷಧಿ ಸಿದ್ಧವಿತ್ತು. ನಾಲ್ಕು ನಿಮಿಷಕ್ಕೆ ನಿಂತಿತು.

ವಾರದ ಮೇಲೆ ಮಗು ಮನೆಗೆ ಬಂತು. ನೋಡಲು ಬಂದ ನೆಂಟರಿಗೆ ಅತ್ತೆ ಮತ್ತೆ ಚಾಪೆಯ ಕಥೆ ಶುರುಮಾಡಿದರು. ತಂಗಿ ರಾಟೆ ನಿಲ್ಲಿಸಿದಳು.

"ಮಂಚದಿಂದ, ಅತ್ತೆ."

ಮುಂದಿನ ನೆಂಟರು ಬಂದಾಗಲೂ ಅದನ್ನೇ ಹೇಳಿದಳು. ಇಟ್ಟಿಗೆಗಳನ್ನು ಅಷ್ಟರಲ್ಲಾಗಲೇ ಅವಳೇ ಎಳೆದು ಹಿತ್ತಿಲಿಗೆ ಹಾಕಿದ್ದಳು. ನೂಲಿನ ಮೂಟೆಗಳು ಈಗ ಅತ್ತೆಯ ಕೋಣೆಯಲ್ಲಿವೆ.